ಹಿಂದೆ ಬರುವವರ ದೀಪ

ಮಾರ್ಚ್ 4, ಮಂಗಳವಾರ

ಕಣ್ಣಿನ ಡಾಕ್ಟರು ಇವತ್ತು ಇವರ ಕೈಯಿಂದ ಕಾರು ಕಿತ್ತುಕೊಂಡರು. ನಯವಾಗಿಯೇ ಕಿತ್ತುಕೊಂಡರು. "ಎದುರಿಗಿರೋದು ನಿಮಗೆ ಚೆನ್ನಾಗೇ ಕಾಣತ್ತೆ. ಅಕ್ಕಪಕ್ಕದ್ದು ಕಾಣಲ್ಲ. ನೋಟದ ಅಂಚು ಸವೆದುಹೋಗಿದೆ. ಔಷಧಿ ಬಿಟ್ಕೊಂಡ್ರೆ ಇರೋದು ಉಳಿಯತ್ತೆ, ಹೋಗಿದ್ದು ವಾಪಸ್ ಬರಲ್ಲ. ಗಾಡಿ ಓಡಿಸೋದನ್ನ ಇವತ್ತಿಗೇ ನಿಲ್ಲಿಸಿಬಿಡಿ" ಎಂದರು. ಇವರು ಎಲ್ಲ ಕೇಳಿಸಿಕೊಂಡು, ಡಾಕ್ಟರ ಹಿಂದಿನ ಗೋಡೆಯ ಮೇಲಿದ್ದ ಅವರ ಕುಟುಂಬದ ಫೋಟೋ ತೋರಿಸಿ, "ಅದನ್ನ ತೆಗೆದೋರು ಬೆಳಕು ಹಾಳು ಮಾಡಿದಾರೆ ಸಾರ್" ಎಂದರು. ಫೋಟೋ ಸ್ಟುಡಿಯೋ ಇಟ್ಟವರನ್ನು ಕಟ್ಟಿಕೊಂಡರೆ ಇದೇ ಪಾಡು. ಮನಸ್ಸಿನೊಳಗೆ ಏನಾಗುತ್ತಿದೆ ಎಂದು ಕೇಳಿದರೆ ಬೆಳಕಿನ ಮಾತಾಡುತ್ತಾರೆ.

ಕಾರನ್ನು ಆಸ್ಪತ್ರೆಯ ಅಂಗಳದಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಬಂದೆವು. ಸಂಜೆ ಅಳಿಯ ತಂದು ಮನೆಮುಂದೆ ನಿಲ್ಲಿಸಿ, ಕೀಲಿಕೈಯನ್ನು ಯಾರ ಕೈಗೆ ಕೊಡುವುದೆಂದು ಗೊತ್ತಾಗದೆ ಮೇಜಿನ ಮೇಲಿಟ್ಟು ಹೋದ.

ನನಗೂ ಸಂಕಟ ತಪ್ಪಿದ್ದಲ್ಲ. ಬೆಳಗಾದರೆ ಮನೆಮನೆ ಸುತ್ತಿ, ಹಾಸಿಗೆ ಬಿಟ್ಟು ಏಳಲಾಗದವರ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ. ಇಷ್ಟು ವರ್ಷ ಇವರು ಓಡಿಸಿದರು, ನಾನು ತೊಡೆಯ ಮೇಲೆ ಐಸ್ ಡಬ್ಬಿ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಲ್ಯಾಬಿನ ಡಾಕ್ಟರಿಗೆ ಫೋನ್ ಮಾಡಿದೆ. "ಕಷ್ಟ ಆದ್ರೆ ಕೌಂಟರಿಗೆ ಬಂದ್ಬಿಡಿ ಸಿಸ್ಟರ್, ಮನೆಗಳಿಗೆ ಬೇರೆ ಯಾರನ್ನಾದ್ರೂ ಕಳಿಸೋಣ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನನ್ನ ಅಜ್ಜಿಯರ ನರ ಬೇರೆ ಯಾರಿಗೆ ಸಿಗುತ್ತದೆ? ಅವರ ಕೈಗಳೆಲ್ಲ ನನಗೆ ಪರಿಚಯ. ಕೌಂಟರಿನಲ್ಲಿ ಕೂತು ಚೀಟಿ ಹರಿಯಲು ನಾನಿನ್ನೂ ಮುದುಕಿಯಾಗಿಲ್ಲ.

ಲೈಸೆನ್ಸ್ ಅಂತೂ ಇದೆ. ಮಗಳು ಶಾಲೆಗೆ ಹೋಗುವ ಕಾಲದಲ್ಲಿ ತೆಗೆದದ್ದು. ಆಮೇಲೆ ಇವರ ಕಾರನ್ನು ಒರೆಸಿದ್ದು ಬಿಟ್ಟರೆ ಬೇರೆ ಸಂಬಂಧವಿಲ್ಲ.

ಮಾರ್ಚ್ 9, ಭಾನುವಾರ

ಹಾಳುಬಿದ್ದ ಗೋದಾಮಿನ ಅಂಗಳದಲ್ಲಿ ಪಾಠ. ಇವರು ಗುರುಗಳ ಗತ್ತಿನಲ್ಲಿ ಪಕ್ಕದಲ್ಲಿ ಕೂತು "ಮೊದಲು ಧೈರ್ಯ" ಎಂದರು. ನಾನು ಬ್ರೇಕ್ ಒತ್ತಿದೆ. "ಇನ್ನೂ ಶುರು ಮಾಡಿಲ್ಲ ಕಣೇ" ಎಂದರು.

ಸೂಜಿ ಹಿಡಿದರೆ ಅಲುಗದ ನನ್ನ ಕೈ ಇವರ ಕಾರಿನ ಸ್ಟಿಯರಿಂಗ್ ಹಿಡಿದರೆ ಗಡಗಡ. ಗೋಡೆ ದೂರದಲ್ಲಿದ್ದರೂ ಬ್ರೇಕ್. ಕಾಗದದ ಚೂರು ಹಾರಿದರೂ ಬ್ರೇಕ್. ಇವರು ಒಂದು ಸಲವೂ ರೇಗಲಿಲ್ಲ. ಹೊಸ ಕಾರು ತಂದ ದಿನ ಬಾಗಿಲನ್ನು ಜೋರಾಗಿ ಹಾಕಿದೆನೆಂದು ವಾರ ಮಾತುಬಿಟ್ಟವರು ಇವರೇನಾ ಎನ್ನಿಸಿತು.

ಮಾರ್ಚ್ 17, ಸೋಮವಾರ

ರಸ್ತೆಗಿಳಿದೆ. ಮೂರು ಮನೆ, ಮೂರು ಸ್ಯಾಂಪಲ್, ಬದುಕಿ ಬಂದೆ. ಬೇರೆ ಬರೆಯಲು ಶಕ್ತಿಯಿಲ್ಲ.

ಮಾರ್ಚ್ 29, ಶನಿವಾರ

ಇವರಿಗೆ ಹೊಸದೊಂದು ಚಾಳಿ ಅಂಟಿಕೊಂಡಿದೆ. ಪಕ್ಕದಲ್ಲಿ ಕೂತವರು ರಸ್ತೆ ನೋಡುವುದು ಬಿಟ್ಟು ಕತ್ತು ತಿರುಗಿಸಿ ಹಿಂದೆಯೇ ನೋಡುತ್ತಿರುತ್ತಾರೆ. "ಏನ್ರೀ ಅದು, ಹಿಂದೆ ಯಾರನ್ನ ಬಿಟ್ಟು ಬಂದಿದ್ದೀರಾ?" ಎಂದರೆ "ಕತ್ತು ಹಿಡ್ಕೊಂಡಿದೆ" ಎನ್ನುತ್ತಾರೆ. ಹಿಡಿದ ಕತ್ತು ಅಷ್ಟು ಸಲೀಸಾಗಿ ತಿರುಗುವುದನ್ನು ನಾನು ಎಲ್ಲೂ ಕಂಡಿಲ್ಲ.

ಇವತ್ತು ಇಬ್ಬರು ಹುಡುಗರು ಬೈಕಿನಲ್ಲಿ ನಮ್ಮನ್ನು ದಾಟುತ್ತಾ ಏನೋ ಕೂಗಿ ಹೋದರು. ನನ್ನ ಕಣ್ಣು ಗೇರಿನ ಮೇಲಿತ್ತು. "ಏನಂದ್ರು?" ಎಂದೆ. "ದಾರಿ ಕೇಳಿದ್ರು" ಎಂದರು. ಅಷ್ಟು ವೇಗದಲ್ಲಿ ಹೋಗುವವರಿಗೆ ದಾರಿ ಬೇರೆ ಬೇಕೆ?

ಸಂಜೆ ಕ್ಷೌರದಂಗಡಿಗೆ ಹೋದವರು ಅರ್ಧ ಗಂಟೆಯಲ್ಲೇ ಮುಖ ಊದಿಸಿಕೊಂಡು ವಾಪಸಾದರು. ತಲೆಯ ಒಂದು ಪಕ್ಕ ಮಾತ್ರ ಕತ್ತರಿಸಿತ್ತು. "ಕರೆಂಟ್ ಹೋಯ್ತು" ಎಂದರು. ಕತ್ತರಿಗೆ ಕರೆಂಟ್ ಯಾಕೆ ಬೇಕೆಂದು ಕೇಳಬೇಕೆಂದಿದ್ದೆ. ಮುಖ ನೋಡಿ ಕತ್ತರಿ ಹುಡುಕಿದೆ. ಉಳಿದರ್ಧವನ್ನು ನಾನೇ ಹಿತ್ತಲಲ್ಲಿ ಕೂರಿಸಿ ಸಮ ಮಾಡಿದೆ. ಕುತ್ತಿಗೆಯ ಹಿಂದೆ ಕೂದಲು ಪೂರ್ತಿ ಬೆಳ್ಳಗಾಗಿದೆ. ಒಂದು ಕ್ಷಣ ಕೈ ಅಲ್ಲೇ ಇಟ್ಟುಕೊಂಡು ನಿಂತೆ.

ಏಪ್ರಿಲ್ 11, ಶುಕ್ರವಾರ

ಮಧ್ಯಾಹ್ನ ಲ್ಯಾಬಿಗೆ ನಡೆದು ಹೋಗಿ ಬಂದು ನೋಡಿದರೆ ಇವರ ಕಾರಿನ ಹಿಂದಿನ ದೀಪಗಳೆರಡೂ ಕಪ್ಪು. ಸ್ಟಿಕರ್ ಅಂಗಡಿಯವನನ್ನು ಮನೆಗೇ ಕರೆಸಿ, ಕೆಂಪು ದೀಪದ ಮೇಲೆ ಹೊಗೆ ಬಣ್ಣದ ಹಾಳೆ ಅಂಟಿಸಿದ್ದಾರೆ. ಬೈಕಿನ ಹುಡುಗರು ತಂಪು ಕನ್ನಡಕ ಏರಿಸಿಕೊಳ್ಳುವ ಹಾಗೆ ಕಾರಿಗೂ ಒಂದು ಜೊತೆ.

"ಇದೇನ್ರೀ ಈ ವಯಸ್ಸಲ್ಲಿ ಶೋಕಿ?"

"ಸ್ವಲ್ಪ ಅಲಂಕಾರ. ಎಲ್ರೂ ಹಾಕಿಸ್ತಾರಂತೆ. ತಿಳಿ ಬಣ್ಣ ಆದ್ರೆ ಪೊಲೀಸರೂ ಏನೂ ಅನ್ನಲ್ವಂತೆ."

"ಯಾರಂದ್ರು?"

"ಸ್ಟಿಕರ್ ಅಂಗಡಿಯವ್ನು."

ನಗು ಬಂತು. ಆಮೇಲೆ ಪಾಪ ಎನ್ನಿಸಿತು. ಓಡಿಸಲಂತೂ ಆಗುವುದಿಲ್ಲ, ಸಿಂಗಾರವನ್ನಾದರೂ ಮಾಡಿಕೊಳ್ಳಲಿ. ನಾನು ಮಗಳಿಗೆ ಮದುವೆಯಾದ ಮೇಲೂ ರಿಬ್ಬನ್ ಕೊಂಡು ತಂದವಳು, ಇವರಿಗೆ ಯಾವ ಬಾಯಲ್ಲಿ ಹೇಳಲಿ. ನೋಡಲು ಚೆನ್ನಾಗಿಯೇ ಕಾಣುತ್ತದೆ, ನಿಜ ಹೇಳಬೇಕೆಂದರೆ.

ಏಪ್ರಿಲ್ 16, ಬುಧವಾರ

ಒಂದು ಸಂತೋಷದ ಸಂಗತಿ. ಹಿಂದಿನವರ ಹಾರ್ನ್ ನಿಂತಿದೆ. ಮೊದಲೆಲ್ಲ ಬ್ರೇಕ್ ಮುಟ್ಟಿದರೆ ಸಾಕು, ಹಿಂದೆ ಮೇಳವೇ ಶುರುವಾಗುತ್ತಿತ್ತು. ಈಗ ಒಬ್ಬರೂ ಕಮಕ್ ಕಿಮಕ್ ಅನ್ನುವುದಿಲ್ಲ. ಕಾಲು ಹದಕ್ಕೆ ಬಂದಿದೆ ಎಂದು ಕಾಣುತ್ತದೆ. ಇವರನ್ನು ಕೇಳಿದೆ. "ನೀನೀಗ ಚೆನ್ನಾಗಿ ಓಡಿಸ್ತೀಯ" ಎಂದರು. ಹಿಂದೆ ತಿರುಗಿ ನೋಡುವುದನ್ನೂ ಬಿಟ್ಟಿದ್ದಾರೆ. ಕತ್ತು ವಾಸಿಯಾಯಿತಂತೆ.

ಲ್ಯಾಬಿನ ಡಾಕ್ಟರಿಗೆ ಫೋನ್ ಮಾಡಿ, ನನ್ನ ಮನೆಗಳನ್ನು ಯಾರಿಗೂ ಕೊಡಬೇಡಿ ಎಂದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು. ಇರಲಿ.

ಏಪ್ರಿಲ್ 22, ಮಂಗಳವಾರ

ಇನ್ನು ಆ ಕಾರನ್ನು ಮುಟ್ಟುವುದಿಲ್ಲ.

ಬೆಳಗಿನ ಬಿಸಿಲು ಬೆನ್ನ ಹಿಂದಿತ್ತು. ಮಾರುಕಟ್ಟೆ ರಸ್ತೆಯಲ್ಲಿ ನಾಯಿಯೊಂದು ಅಡ್ಡ ಬಂತು, ಬ್ರೇಕ್ ಒತ್ತಿದೆ, ಹಿಂದಿನಿಂದ ಧಡ್ ಎಂದು ಸದ್ದು. ಇಬ್ಬರೂ ಇಳಿದು ನೋಡಿದರೆ ಮೆಡಿಕಲ್ ಶಾಪಿನವರ ಸೊಸೆ. ಸ್ಕೂಟರ್ ಒಂದು ಕಡೆ, ಅವಳೊಂದು ಕಡೆ. ನಮ್ಮ ಮನೆಗೆ ಔಷಧಿ ತಂದುಕೊಡುವ ಹುಡುಗಿ, ಇವರ ಕಣ್ಣಿನ ಹನಿಯನ್ನು ತಣ್ಣಗಿಡಿ ಎಂದು ನೆನಪಿಸುವವಳು. "ಏನಾಗಿಲ್ಲ ಆಂಟಿ, ಏನಾಗಿಲ್ಲ" ಎನ್ನುತ್ತಾ ಕೈ ಹಿಡಿದುಕೊಂಡೇ ಕೂತಿದ್ದಳು. ಮುಟ್ಟಿ ನೋಡಿದೆ. ಮಣಿಕಟ್ಟು ಬಿರುಕು ಬಿಟ್ಟಿದೆ ಎಂದು ಎಕ್ಸ್‌ರೇ ತೆಗೆಯುವ ಮುಂಚೆಯೇ ನನಗೆ ಗೊತ್ತಾಯಿತು.

ಟ್ರಾಫಿಕ್ ಪೊಲೀಸಮ್ಮ ಬಂದರು. ಅವಳನ್ನು ಆಸ್ಪತ್ರೆಗೆ ಕಳಿಸಿ, ನನ್ನನ್ನು ಕಾರಿನಲ್ಲಿ ಕೂರಿಸಿ, ತಾವು ಹಿಂದೆ ಹೋಗಿ ನಿಂತರು.

"ಬ್ರೇಕ್ ಒತ್ತಿ ಅಮ್ಮಾ."

ಒತ್ತಿದೆ.

"ಒತ್ತಿ."

"ಒತ್ತಿದೀನಿ."

"ಅಮ್ಮಾ, ಒತ್ತಿ ಅಂದೆ."

"ಕಾಲು ನೆಲಕ್ಕೆ ತಾಗೋ ಹಾಗೆ ಒತ್ತಿದೀನಿ ಮೇಡಂ."

ಆಗ ಅವರು ಬಗ್ಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು. ಆಮೇಲೆ ನನ್ನನ್ನು ಇಳಿಸಿ ಇವರನ್ನು ಕೂರಿಸಿದರು. "ಈಗ ನೀವೇ ನೋಡಿ" ಎಂದರು. ಇವರು ಬ್ರೇಕ್ ಒತ್ತಿದರಂತೆ, ಬಿಟ್ಟರಂತೆ. ನನಗೆ ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಬಿಸಿಲು ಬಿದ್ದ ಕಪ್ಪು ಹಾಳೆ ಫಳಫಳ ಹೊಳೆಯುತ್ತಿತ್ತು, ಒಳಗಿನ ದೀಪ ಒಳಗೇ ಉಳಿದಿತ್ತು.

"ತಿಳಿ ಬಣ್ಣ ಆದ್ರೆ ಪರವಾಗಿಲ್ಲ ಅಂದಿದ್ರು" ಎಂದು ಇವರು ಮೆಲ್ಲಗೆ ಹೇಳಿದರು.

"ಯಾವ ಬಣ್ಣಾನೂ ಅಂಟಿಸೋ ಹಾಗಿಲ್ಲ ಯಜಮಾನ್ರೇ. ಮಾರೋನಿಗೇನು, ಮಾರ್ತಾನೆ. ಅಂಟಿಸ್ಕೊಂಡು ರಸ್ತೆಗೆ ಬಂದೋರು ನೀವು. ಹಿಂದೆ ಬರೋರಿಗೆ ನೀವು ನಿಲ್ತಿದ್ದೀರಿ ಅಂತ ಹೇಳೋಕೆ ಗಾಡಿಗೆ ಬಾಯಿ ಇಲ್ಲ, ಈ ದೀಪ ಒಂದೇ ಇರೋದು. ಅದಕ್ಕೂ ಬಟ್ಟೆ ತುರುಕಿದ್ದೀರಿ. ನಾಳೆ ಗಾಡಿ ಕೆಟ್ಟು ಕತ್ತಲಲ್ಲಿ ನಿಂತ್ರೆ, ಬೇರೆಯವರ ಬೆಳಕು ಬಿದ್ದಾದ್ರೂ ಇದು ಹೊಳೀಬೇಕಿತ್ತು. ಅದೂ ಹೊಳೆಯಲ್ಲ."

ದಂಡದ ಚೀಟಿ ಬರೆದರು. ಹಾಳೆ ಕಿತ್ತು, ವಾರದೊಳಗೆ ಠಾಣೆಗೆ ಕಾರು ತಂದು ತೋರಿಸಬೇಕು. ಹಾಳೆ ಕೀಳುವವರೆಗೆ ಓಡಿಸುವಂತಿಲ್ಲ. ಅವರು ಹೇಳದಿದ್ದರೂ ನಾನು ಓಡಿಸುತ್ತಿರಲಿಲ್ಲ. ಉಳಿದ ಮನೆಗಳಿಗೆ ಲ್ಯಾಬಿನವರು ಬೇರೆ ಹುಡುಗನನ್ನು ಕಳಿಸಿದರು. ಮೂರನೇ ಮನೆಯ ಅಜ್ಜಿಗೆ ನಾಲ್ಕು ಕಡೆ ಚುಚ್ಚಿದನಂತೆ.

ಇವರು ಊಟ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಏಪ್ರಿಲ್ 23, ಬುಧವಾರ

ಬೆಳಿಗ್ಗೆ ಕೇಳಿಯೇಬಿಟ್ಟೆ. "ಶೋಕಿಗೋಸ್ಕರ ಒಂದು ಹುಡುಗಿ ಕೈ ಮುರಿಸಿದ್ರಲ್ಲ ರೀ."

"ಶೋಕಿಗಲ್ಲ."

"ಮತ್ತೆ?"

ಸ್ಟುಡಿಯೋದ ಸ್ಟೂಲಿನ ಮೇಲೆ, ಫೋಟೋ ತೆಗೆಸಿಕೊಳ್ಳುವವರು ಕೂರುವ ಜಾಗದಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು.

"ನೀನು ಬ್ರೇಕ್ ಹಾಕಿ ಹಾಕಿ ಹೋಗ್ತೀಯಲ್ಲ. ಹಿಂದಿನ ದೀಪ ಹತ್ತಿ ಆರಿ, ಹತ್ತಿ ಆರಿ... ರಸ್ತೆಯಲ್ಲೆಲ್ಲ ನಗ್ತಿದ್ರು. ಕ್ಷೌರದಂಗಡೀಲಿ ನಿನಗೊಂದು ಹೆಸರೂ ಇಟ್ಟಿದ್ರು."

"ಏನಂತ?"

"ಬಿಡು."

"ಹೇಳ್ರೀ."

"ಬ್ರೇಕಮ್ಮ."

ಅದಕ್ಕೇ ಅರ್ಧ ತಲೆಯಲ್ಲಿ ಎದ್ದು ಬಂದಿದ್ದರು.

"ನನ್ನ ಹೆಂಡತೀನ ನೋಡಿ ಯಾರೋ ನಗೋದು ನನಗೆ ಆಗಲ್ಲ. ಓಡಿಸಬೇಕಾಗಿದ್ದೋನು ನಾನು. ನನ್ನ ಕಣ್ಣು ಸರಿಯಿದ್ದಿದ್ರೆ ನಿನಗೆ ಈ ಪಾಡು ಬರ್ತಿರಲಿಲ್ಲ. ದೀಪ ಕಾಣದೇ ಇದ್ರೆ ನಗೋದಿಲ್ಲ ಅಂತ ಮುಚ್ಚಿಸಿದೆ. ನನ್ನ ಕೆಲಸಾನೇ ಅದಲ್ವಾ. ರೀಟಚ್ ಅಂತ ಫೋಟೋದಲ್ಲಿ ಮಚ್ಚೆ ಮುಚ್ಚು, ಸುಕ್ಕು ಮುಚ್ಚು."

"ಬ್ರೇಕ್ ದೀಪ ಮಚ್ಚೆಯಾ?"

"ಅಂಟಿಸಿದ ಮೇಲೆ ಪರೀಕ್ಷೆ ಮಾಡಿದ್ದೆ ಕಣೇ. ಸಂಜೆ, ಶೆಡ್ಡಿನ ಬಾಗಿಲು ಹಾಕಿ, ಬ್ರೇಕ್ ಮೇಲೆ ಕಲ್ಲಿಟ್ಟು ನೋಡಿದೆ. ಚೆನ್ನಾಗೇ ಕಾಣ್ತಿತ್ತು. ಫೋಟೋ ತೊಳೆಯೋ ಡಾರ್ಕ್ ರೂಮಿನ ಕೆಂಪು ದೀಪಾನೂ ಅಷ್ಟೇ ಮಂಕಾಗಿರ್ತಿತ್ತು. ಆ ಬೆಳಕಲ್ಲೇ ನಾನು ಎಷ್ಟು ವರ್ಷ ಎಲ್ಲಾ ನೋಡಿದೀನಿ. ಕೆಂಪು ದೀಪ ಮಂಕಾಗಿದ್ದಷ್ಟೂ ಒಳ್ಳೇದು ಅಂತಲೇ ನನ್ನ ಕೈಗೆ ಗೊತ್ತಿರೋದು."

ಬಾಗಿಲು ಹಾಕಿದ ಶೆಡ್ಡಿನಲ್ಲಿ ನಿಂತು, ಬೆಳಗಿನ ಬಿಸಿಲಿನ ರಸ್ತೆಗೆ ದೀಪ ಪರೀಕ್ಷಿಸಿದ ಮಹಾನುಭಾವರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇವತ್ತು ಅಳು ಬಂತು. ಇವರು ಮಾಡಿದ ತಪ್ಪಿಗಿಂತ ಹೆಚ್ಚಾಗಿ ನನ್ನ ಬಗ್ಗೆಯೇ ಅಳು ಬಂತು. ಹಾರ್ನ್ ನಿಂತದ್ದು ನನ್ನ ಕಾಲು ಹದಕ್ಕೆ ಬಂದದ್ದರಿಂದಲ್ಲ, ನಾನು ಬ್ರೇಕ್ ಹಾಕುವುದು ಹಿಂದಿನವರಿಗೆ ಕಾಣದೇ ಹೋದದ್ದರಿಂದ. ಲ್ಯಾಬಿನ ಡಾಕ್ಟರ ಹತ್ತಿರ ದನಿ ಏರಿಸಿ ಮಾತಾಡಿದ್ದೆನಲ್ಲ, ಅದನ್ನು ನೆನೆದು ಈಗಲೂ ಕಿವಿ ಬಿಸಿಯಾಗುತ್ತಿದೆ.

"ನಾನು ಚೆನ್ನಾಗಿ ಓಡಿಸ್ತೀನಿ ಅಂದಿದ್ದೂ ರೀಟಚ್ಚೇ ತಾನೇ?" ಎಂದೆ. ಇವರು ತಲೆ ತಗ್ಗಿಸಿದರು. ಕೌಂಟರಿಗೇ ಹೋಗಿ ಕೂರುವುದು ಎಂದು ತೀರ್ಮಾನಿಸಿದ್ದೇನೆ.

ಏಪ್ರಿಲ್ 24, ಗುರುವಾರ

ಇಬ್ಬರೂ ನಡೆದುಕೊಂಡೇ ಮೆಡಿಕಲ್ ಶಾಪಿನವರ ಮನೆಗೆ ಹೋದೆವು. ರಸ್ತೆ ದಾಟುವಾಗ ಇವರ ಕೈ ಹಿಡಿದುಕೊಂಡಿದ್ದೆ, ಅಕ್ಕಪಕ್ಕದಿಂದ ಬರುವುದು ಇವರಿಗೆ ಕಾಣುವುದಿಲ್ಲ. ಸೊಸೆ ಕೈಗೆ ಬಿಳಿ ಪಟ್ಟಿ ಹಾಕಿಸಿಕೊಂಡು ಸೋಫಾದಲ್ಲಿ ಕೂತಿದ್ದಳು. ಇವರು ಬಾಗಿಲಲ್ಲೇ ನಿಂತು, ಪೀಠಿಕೆ ಏನೂ ಇಲ್ಲದೆ, "ತಪ್ಪು ನನ್ನದಮ್ಮ. ದೀಪ ಮುಚ್ಚಿಸಿದ್ದು ನಾನು. ಆಂಟಿಗೆ ಏನೂ ಗೊತ್ತಿಲ್ಲ" ಎಂದರು. ಮನೆಯಲ್ಲಿ ಹೇಳಿದ್ದಷ್ಟನ್ನೂ ಅಲ್ಲಿ ಮತ್ತೆ ಹೇಳಿದರು, ಹೆಸರಿಟ್ಟದ್ದನ್ನು ಮಾತ್ರ ಬಿಟ್ಟು.

ಅದನ್ನು ನಾನು ಸೇರಿಸಿದೆ. "ನಾನು ಸುಮ್ನೆ ಸುಮ್ನೆ ಬ್ರೇಕ್ ಹಾಕ್ತೀನಮ್ಮ. ಬ್ರೇಕಮ್ಮ ಅಂತ ಊರೆಲ್ಲ ನಗತ್ತೆ. ಇನ್ನು ಓಡಿಸಲ್ಲ."

ಅವಳು ಕಣ್ಣರಳಿಸಿ ನೋಡಿದಳು. "ಅಯ್ಯೋ, ಹಾಗನ್ಬೇಡಿ ಆಂಟಿ. ನಾನು ದಿನಾ ಬೇಕಂತಲೇ ನಿಮ್ಮ ಹಿಂದೆ ಬರ್ತಿದ್ದೆ."

"ಯಾಕೆ?"

"ಆ ರಸ್ತೆ ತುಂಬ ಗುಂಡಿ ಅಲ್ವಾ. ಬೇರೆ ಕಾರಿನವರು ಗುಂಡಿ ಹತ್ರ ಬಂದ ಮೇಲೆ ಬ್ರೇಕ್ ಹಾಕ್ತಾರೆ, ನಾವು ಸ್ಕೂಟರಿನವರು ಹೋಗಿ ಬೀಳ್ತೀವಿ. ನೀವು ಗುಂಡಿ ಇನ್ನೂ ದೂರದಲ್ಲಿ ಇರುವಾಗ್ಲೇ ಹಾಕ್ತೀರಿ. ನಿಮ್ಮ ದೀಪ ಹತ್ತಿದ್ರೆ ಮುಂದೆ ಏನೋ ಇದೆ ಅಂತ ನಾನೂ ನಿಧಾನ ಮಾಡ್ತಿದ್ದೆ. ನಮ್ಮ ಅಂಗಡಿ ಹುಡುಗೀರೆಲ್ಲ ನಿಮ್ಮ ಹಿಂದೇನೇ ಬರೋದು. ಈಗ ಹತ್ತು ದಿನದಿಂದ ನಿಮ್ಮ ದೀಪ ಹತ್ತಲಿಲ್ಲ. ಆಂಟಿಗೆ ರಸ್ತೆ ಅಭ್ಯಾಸ ಆಯ್ತು, ಬ್ರೇಕ್ ಹಾಕೋದು ಬಿಟ್ಟಿದಾರೆ ಅಂದ್ಕೊಂಡು ನಾನೂ ಹತ್ರ ಹತ್ರ ಬಂದೆ."

ಅವಳ ಅತ್ತೆ ಚಹಾ ತಂದಿಟ್ಟರು. ಇವರು ಲೋಟ ತೆಗೆದುಕೊಳ್ಳುವುದನ್ನೂ ಮರೆತು ಆ ಪಟ್ಟಿ ಹಾಕಿದ ಕೈಯನ್ನೇ ನೋಡುತ್ತಿದ್ದರು. ಇವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳು, "ಅಂಕಲ್, ಹನಿ ಹಾಕ್ಕೊಂಡ್ರಾ ಇವತ್ತು?" ಎಂದು ಕೇಳಿದಳು. ಹಾಕಿಕೊಂಡಿರಲಿಲ್ಲ.

ಏಪ್ರಿಲ್ 27, ಭಾನುವಾರ

ಹಾಳೆ ಕಿತ್ತೆವು. ಕೂದಲು ಒಣಗಿಸುವ ಯಂತ್ರದಿಂದ ನಾನು ಬಿಸಿಗಾಳಿ ಬಿಟ್ಟೆ, ಇವರು ಮೂಲೆಯಿಂದ ಉಗುರಿನಲ್ಲಿ ಎಬ್ಬಿಸಿದರು. ಅಂಚು ಕಾಣದಿದ್ದರೂ ಬೆರಳಿಗೆ ಸಿಕ್ಕಿತು. ನೆಗೆಟಿವ್ ಹಿಡಿದು ಬೆಳೆದ ಬೆರಳುಗಳು, ಒಂದು ಗೀರೂ ಬೀಳದ ಹಾಗೆ ಎಳೆದವು. ಉಳಿದ ಅಂಟನ್ನು ನನ್ನ ಡಬ್ಬಿಯ ಸ್ಪಿರಿಟ್ ಹತ್ತಿಯಿಂದ ಒರೆಸಿದೆ. "ಕೈ ಬಿಗಿ ಹಿಡೀರಿ, ಸ್ವಲ್ಪ ಚುರುಕ್ ಅನ್ನತ್ತೆ" ಎಂದು ಅಭ್ಯಾಸಬಲದಿಂದ ದೀಪಕ್ಕೆ ಹೇಳಿಬಿಟ್ಟೆ. ಎಷ್ಟೋ ದಿನದ ಮೇಲೆ ಇವರು ನಕ್ಕರು.

ಆಮೇಲೆ ಪರೀಕ್ಷೆ. ಈ ಸಲ ನಡುಹಗಲಲ್ಲಿ, ರಸ್ತೆಯಲ್ಲೇ. ನಾನು ಒಳಗೆ ಕೂತು ಬ್ರೇಕ್ ಒತ್ತಿದೆ. ಇವರು ಹಿಂದೆ ನಿಂತು "ಹೂಂ" ಎಂದರು. ಎರಡು ಹೆಜ್ಜೆ ಹಿಂದಕ್ಕೆ ಹೋಗಿ "ಹೂಂ". ಹಾಗೇ ಹಿಂದೆ ಹಿಂದೆ ಹೋಗುತ್ತಾ ಹೋಗುತ್ತಾ ಬೀದಿಯ ಕೊನೆ ಮುಟ್ಟಿದರು. ನನಗೆ ದನಿ ಕೇಳದಾಯಿತು, ಕೈ ಎತ್ತುವುದು ಮಾತ್ರ ಕನ್ನಡಿಯಲ್ಲಿ ಕಂಡಿತು. ವಾಪಸು ಬಂದವರು, "ನೇರ ಇದ್ರೆ ಎಷ್ಟು ದೂರದ್ದೂ ಕಾಣತ್ತೆ ನನಗೆ" ಎಂದರು. ಡಾಕ್ಟರು ಮೊದಲ ದಿನವೇ ಹೇಳಿದ್ದರು. ಇವರಿಗೆ ಅದು ಇವತ್ತು ಕೇಳಿಸಿತು.

ಏಪ್ರಿಲ್ 29, ಮಂಗಳವಾರ

ಸಂತೆಯ ಜನ, ಎರಡು ಲಾರಿ, ಅಡ್ಡಡ್ಡ ನಿಂತ ಒಂದು ಟ್ರ್ಯಾಕ್ಟರ್. ಠಾಣೆಗೆ ಹೋಗುವಷ್ಟರಲ್ಲಿ ತಡವಾಯಿತು. ಪೊಲೀಸಮ್ಮ ಹಿಂದೆ ನಿಂತು ಒತ್ತಿ ಎಂದರು, ಒತ್ತಿದೆ. ಒಂದೇ ಸಲಕ್ಕೆ ಸಾಕು ಎಂದರು. "ಯಜಮಾನ್ರು ಬರ್ಲಿಲ್ವಾ?" ಎಂದರು. ಸ್ಟುಡಿಯೋಗೆ ಗಿರಾಕಿ ಬಂದಿದ್ದಾರೆ, ನಾನೊಬ್ಬಳೇ ಓಡಿಸಿಕೊಂಡು ಬಂದೆ ಎಂದೆ. ಬರುವ ದಾರಿಯಲ್ಲಿ ನಾಲ್ಕು ಕಡೆ ಚುಚ್ಚಿಸಿಕೊಂಡ ಅಜ್ಜಿಯನ್ನು ನೋಡಿಕೊಂಡು ಬಂದೆ. "ಆ ಹುಡುಗನ್ನ ಮತ್ತೆ ಕಳಿಸಿದ್ರೆ ಬಾಗಿಲು ತೆಗೆಯಲ್ಲ" ಎಂದಳು. ಅವಳ ಮನೆ ಮುಂದಿನ ಇಕ್ಕಟ್ಟಿನಲ್ಲಿ ಕಾರು ತಿರುಗಿಸುವುದು ದೊಡ್ಡ ರಗಳೆ. ನಾಳೆಯಿಂದ ಹಿಂದಿನ ಬೀದಿಯಲ್ಲಿ ನಿಲ್ಲಿಸಬೇಕು.

ಮಾರುಕಟ್ಟೆ ರಸ್ತೆಯಲ್ಲಿ ಹಿಂದೆ ಹಾರ್ನ್ ಮತ್ತೆ ಶುರುವಾಗಿದೆ. ಹೊಡೆದುಕೊಳ್ಳಲಿ.

ಮೇ 2, ಶುಕ್ರವಾರ

ಬೆಳಗಿನ ಹೊತ್ತು ಪಾಸ್‌ಪೋರ್ಟ್ ಫೋಟೋದವರು ಬರುತ್ತಾರೆ, ನೀನು ಹೋಗಿಬಾ ಎಂದರು ಇವರು. ಅಷ್ಟು ಹೊತ್ತಿಗೆ ಯಾವ ಫೋಟೋದವರೂ ಬರುವುದಿಲ್ಲ, ಇಬ್ಬರಿಗೂ ಗೊತ್ತು. ನಾನು ಡಬ್ಬಿಗೆ ಐಸ್ ತುಂಬಿ, ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದೆ. ಇವರು ಕಿಟಕಿಯಲ್ಲಿ ಬಗ್ಗಿ ಡಬ್ಬಿಯ ಬೆಲ್ಟ್ ಎಳೆದು ನೋಡಿದರು. ಕಾರಿನ ಮೇಲ್ಛಾವಣಿಯನ್ನು ಎರಡು ಸಲ ತಟ್ಟಿ ಹಿಂದೆ ಸರಿದರು.

ನನ್ನ ಕಾರು ಬೀದಿಗಿಳಿಯಿತು. ಕನ್ನಡಿಯಲ್ಲಿ ನೋಡಿದರೆ ಇವರು ಗೇಟಿನಲ್ಲಿ ನಿಂತಿರಲಿಲ್ಲ. ಬೀದಿಯ ನಟ್ಟನಡುವೆ, ಕಾರಿಗೆ ನೇರವಾಗಿ, ಕೈ ಕಟ್ಟಿಕೊಂಡು ನಿಂತಿದ್ದರು.

ತಿರುವಿನ ಹತ್ತಿರ ಬಂದೆ. ಮುಂದೆ ಗಾಡಿಯಿಲ್ಲ, ಗುಂಡಿಯಿಲ್ಲ, ನಾಯಿಯೂ ಇಲ್ಲ. ಆದರೂ ಬ್ರೇಕ್ ಒತ್ತಿದೆ. ಕನ್ನಡಿಯಲ್ಲಿ, ಬೀದಿಯ ಆ ತುದಿಯಲ್ಲಿ, ಇವರ ಕೈ ಮೇಲಕ್ಕೆ ಹೋಯಿತು.